ಬಿಚ್ಚಿ ಮತ್ತೆ ತುಂಬುವ ಕೈಗಳು

ಬನಹಟ್ಟಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಧರಣೇಂದ್ರ ಅವರ ಶೆಡ್ಡಿನ ಹನ್ನೆರಡು ವಿದ್ಯುತ್ ಮಗ್ಗಗಳಲ್ಲಿ ಹನ್ನೊಂದು ಆಗಲೇ ಖಟಖಟ ಸದ್ದು ಎಬ್ಬಿಸಿವೆ. ಮೂಡಣ ಕಿಟಕಿಯ ಪಕ್ಕದ ಮಗ್ಗವೊಂದು ಮಾತ್ರ ಸುಮ್ಮನೆ ನಿಂತಿದೆ. ಅದರ ಮುಂದೆ ಗಿಡ್ಡ ಮಣೆಯ ಮೇಲೆ ಐವತ್ತೆಂಟು ವರ್ಷದ ಪ್ರೇಮಕುಮಾರ ಗುಳೇದಗುಡ್ಡ ಕುಳಿತಿದ್ದಾರೆ. ಬಲಗೈಯಲ್ಲಿ ತೆಳ್ಳನೆಯ ಕಬ್ಬಿಣದ ಕೊಕ್ಕೆ ಇದೆ, ಆದರೆ ಕೈ ಮಂಡಿಯ ಮೇಲೆ ತೆಪ್ಪಗಿದೆ. ಮಗ್ಗದ ಆಚೆ, ನೂಲಿನ ದಪ್ಪ ಉರುಳೆಗೂ ತಂತಿಗಳ ಸಾಲಿಗೂ ನಡುವಿನ ಇಕ್ಕಟ್ಟಿನಲ್ಲಿ, ಅರವತ್ತೆರಡರ ಶೇವಂತಿ ಕಾಲು ಮಡಚಿಕೊಂಡು ಕುಳಿತಿದ್ದಾರೆ. ಅವರ ಮಡಿಲಲ್ಲಿ ಎಳೆಗಳ ಎರಡು ಗೊಂಚಲುಗಳಿವೆ.

“ಆತೇನಕ್ಕಾ?” ಎಂದು ಪ್ರೇಮಕುಮಾರ ಕೇಳುತ್ತಾರೆ.

“ಇನ್ನೂ ಇಲ್ಲ. ಸುಮ್ಮ ಕುಂಡ್ರು.”

ಪಕ್ಕದ ಮಗ್ಗ ನಡೆಸುವ ಗಿರಿಮಲ್ಲಪ್ಪನಿಗೆ ಇದು ದಿನದ ತಮಾಷೆ. “ತಲಿ ಮ್ಯಾಲ ಎರಡ ಟ್ಯೂಬ್‌ಲೈಟ ಉರಿಯಾಕತ್ತಾವು. ನಿಮಗ ಸೂರ್ಯಪ್ಪಂದ ಸಹಿ ಬೇಕೇನ್ರಿ?” ಎಂದು ಸದ್ದಿನ ನಡುವೆಯೇ ಕೂಗುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ಕಿಟಕಿಯ ಸರಳುಗಳ ನಡುವಿನಿಂದ ಬೆಳಕಿನ ಒಂದು ಪಟ್ಟಿ ಬಂದು ನೂಲಿನ ಮೇಲೆ ಬೀಳುತ್ತದೆ. ಶೇವಂತಿ ಎರಡು ಎಳೆಗಳನ್ನು ಎತ್ತಿ ಆ ಬೆಳಕಿಗೆ ಹಿಡಿಯುತ್ತಾರೆ. ಒಂದು ಕಡುಹಸಿರು, ಇನ್ನೊಂದು ಕರಿ. ಇಷ್ಟು ಹೊತ್ತು ಅವೆರಡೂ ಒಂದೇ ಬಣ್ಣದವಾಗಿ ಕಂಡಿದ್ದವು.

“ಹೂಂ. ಆತು ಬೆಳಕು. ತಗೋ. ಹಸರು.”

“ಹಸರು,” ಎಂದು ಪ್ರೇಮಕುಮಾರ ತಿರುಗಿ ಹೇಳಿ, ತಂತಿಯ ಕಣ್ಣಿನೊಳಗಿಂದ ಕೊಕ್ಕೆ ತೂರಿಸಿ ಎಳೆಯನ್ನು ಈಚೆಗೆ ಸೆಳೆಯುತ್ತಾರೆ.

“ಹಸರು.”

“ಹಸರು.”

“ಕರಿ.”

“ಕರಿ.”

“ಸುರು ಆತ ನೋಡ್ರಿ ಇವರ ಪ್ರಾರ್ಥನಾ,” ಎಂದು ಗಿರಿಮಲ್ಲಪ್ಪ ನಗುತ್ತಾನೆ. ಅವನ ಮಾತು ಪೂರ್ತಿ ತಪ್ಪೇನೂ ಅಲ್ಲ.

ಸೀರೆ ಕೊಂಡವರು ನೇಕಾರನನ್ನು ಕೆಲವೊಮ್ಮೆ ನೆನೆಯುತ್ತಾರೆ, ಅಂಗಡಿಯವನನ್ನು ಖಂಡಿತ ನೆನೆಯುತ್ತಾರೆ. ಮಗ್ಗ ನಡೆಯುವ ಮೊದಲು ಅದಕ್ಕೆ ಎಳೆ ತುಂಬಿದವರು ಯಾರು ಎಂದು ಕೇಳಿದವರನ್ನು ಈ ಊರು ಕಂಡಿಲ್ಲ. ಮಗ್ಗಕ್ಕೆ ಉದ್ದಕ್ಕೆ ಹೂಡುವ ಎಳೆಗಳಿಗೆ ಹಾಸು ಎನ್ನುತ್ತಾರೆ. ಒಂದು ಹಾಸು ಮುಗಿದು ಅದೇ ಬಣ್ಣದ ಇನ್ನೊಂದು ಹಾಸು ಬಂದರೆ, ಹಳೆಯ ಎಳೆಯ ತುದಿಗೆ ಹೊಸ ಎಳೆಯ ತುದಿಯನ್ನು ಬೆರಳಲ್ಲಿ ಹೊಸೆದು ಕೂಡಿಸಿದರೆ ಸಾಕು. ಇದಕ್ಕೆ ಕೆಚ್ಚುವುದು ಎನ್ನುತ್ತಾರೆ. ಬಣ್ಣ ಬದಲಾಯಿತು, ಸೀರೆಯ ಅಂಚು ಅಂದರೆ ದಡಿ ಬದಲಾಯಿತು ಎಂದರೆ ಎಲ್ಲವನ್ನೂ ಬಿಚ್ಚಿ, ಒಂದೊಂದು ಎಳೆಯನ್ನೂ ಒಂದೊಂದು ತಂತಿಯ ಕಣ್ಣಿನಲ್ಲಿ ಹಾಯಿಸಿ, ಆಮೇಲೆ ಹಣಿಗೆಯ ಹಲ್ಲುಗಳ ನಡುವೆ ತುಂಬಬೇಕು. ಈ ಕೆಲಸ ಒಬ್ಬರಿಂದ ಆಗುವುದಿಲ್ಲ. ಒಳಗೆ ಕುಳಿತವರು ಎಳೆ ಆರಿಸಿ ಕೊಡಬೇಕು, ಹೊರಗೆ ಕುಳಿತವರು ಸೆಳೆಯಬೇಕು. ಇಬ್ಬರ ನಡುವೆ ಮುಖ ಕಾಣದಷ್ಟು ತಂತಿಗಳ ತೆರೆ ಇರುತ್ತದೆ. ಬೆರಳು ಮಾತ್ರ ಕಾಣುತ್ತದೆ.

ಒಂದು ಹಾಸಿನಲ್ಲಿ ಮೂರು ಸಾವಿರದ ಇನ್ನೂರು ಎಳೆಗಳು. ಕೈ ಕೂಡಿದ ಜೋಡಿ ಅದನ್ನು ನಾಲ್ಕು ತಾಸಿನಲ್ಲಿ ತುಂಬುತ್ತದೆ. ಪ್ರೇಮಕುಮಾರ ಮತ್ತು ಶೇವಂತಿ ದಿನಕ್ಕೆ ಒಂದೂವರೆ ಹಾಸು, ಕೆಲವು ದಿನ ಎರಡು ತುಂಬುತ್ತಾರೆ. ರಬಕವಿ ಮತ್ತು ಬನಹಟ್ಟಿಯ ಹದಿನಾಲ್ಕು ಶೆಡ್ಡುಗಳಿಂದ ಇವರಿಗೆ ಕರೆ ಬರುತ್ತದೆ. ದಿನಕ್ಕೆ ಐದಾರು ಸಾವಿರ ಎಳೆ ಎಂದರೆ ವರ್ಷಕ್ಕೆ ಎಷ್ಟಾಯಿತು ಎಂದು ಕೇಳಿದರೆ ಪ್ರೇಮಕುಮಾರ ಕೈ ಝಾಡಿಸುತ್ತಾರೆ. “ಎಳಿ ಎಣಸಿದ್ರ ನಿದ್ದಿ ಬರತೈತ್ರಿ. ಮುಂದಿನ ಎಳಿ ಅಷ್ಟ ನೋಡಬೇಕು.”

ಪ್ರೇಮಕುಮಾರರ ಅಜ್ಜ ಗುಳೇದಗುಡ್ಡದಿಂದ ಕೈಮಗ್ಗವನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬಂದವರು. ಆ ಊರಿನ ನೇಕಾರರಲ್ಲಿ ಕೆಲವರು ಹಿಂದೆ ಮಿಷನ್ನಿನ ಕಾಲದಲ್ಲಿ ಕ್ರಿಸ್ತನನ್ನು ನಂಬಿದ್ದರು. ಆ ಮನೆತನಗಳಲ್ಲಿ ಇವರದೂ ಒಂದು. ಬನಹಟ್ಟಿಯಲ್ಲಿ ಇಂದಿಗೂ ಇಪ್ಪತ್ತೆರಡು ಮನೆಗಳ ಪುಟ್ಟ ಸಭೆಯಿದೆ. ತಗಡಿನ ಮಾಡಿನ ದೇವಾಲಯದಲ್ಲಿ ಗಂಡಸರಿಗೆ ಒಂದು ಕಡೆ, ಹೆಂಗಸರಿಗೆ ಒಂದು ಕಡೆ ಜಮಖಾನೆ ಹಾಸುತ್ತಾರೆ. ಪ್ರೇಮಕುಮಾರ ಹತ್ತು ವರ್ಷ ಆ ಸಭೆಯ ಹಿರಿಯರಾಗಿದ್ದರು. ಅವರ ಹೆಸರು ನಿಂತದ್ದು ಮಾತ್ರ ಓದುವ ಧ್ವನಿಯಿಂದ. ಶುಭ ಶುಕ್ರವಾರದ ದಿನ, ಕ್ರಿಸ್ತನನ್ನು ಹಿಡಿದು ಶಿಲುಬೆಗೇರಿಸಿದ ಶ್ರಮೆಯ ಪ್ರಸಂಗ ಅವರೇ ಓದಬೇಕು. ಅವರು ಓದಿದರೆ ಮಕ್ಕಳೂ ಸದ್ದು ಮಾಡದೆ ಕೂಡುತ್ತಿದ್ದವು.

“ಆ ಧ್ವನಿ ಮ್ಯಾಲ ನನಗ ಭಾಳ ಸೊಕ್ಕ ಇತ್ತರಿ,” ಎಂದು ಅವರು ಯಾರೂ ಕೇಳದೆಯೇ ಹೇಳುತ್ತಾರೆ. “ಆ ಸೊಕ್ಕಿನ್ಯಾಗಿಂದನ ಎಲ್ಲಾ ಸುರು ಆತು.”

ಇದನ್ನು ಬರೆಯಬಹುದೇ ಎಂದರೆ, ಬರೆಯಲೇಬೇಕು ಎಂದು ಹೇಳಿದವರೂ ಅವರೇ. “ಬರೇ ಛಲೋ ಕೆಲಸಗಾರ ಅಂತ ಬರದ್ರ ಅದು ಅರ್ಧಾ ಸುದ್ದಿ. ಇನ್ನರ್ಧಾ ಅಕ್ಕಂದು.”

ಆರು ವರ್ಷದ ಹಿಂದಿನ ಮಾತು. ಆ ಸಲದ ಶುಭ ಶುಕ್ರವಾರಕ್ಕೆ ಧಾರವಾಡದಿಂದ ಹಿರಿಯ ದೈವಸೇವಕರೊಬ್ಬರು ಬರುವವರಿದ್ದರು. ಪ್ರೇಮಕುಮಾರ ಹಿಂದಿನ ದಿನವೇ ಬಿಳಿ ಅಂಗಿಗೆ ಇಸ್ತ್ರಿ ಹಾಕಿ ಗೂಟಕ್ಕೆ ತೂಗುಹಾಕಿದ್ದರು. ಆದರೆ ಧರಣೇಂದ್ರ ಅವರ ಶೆಡ್ಡಿನಲ್ಲಿ ಒಂದು ಹಾಸು ತುಂಬುವುದು ಬಾಕಿಯಿತ್ತು. ಮಗ್ಗ ಅಂದೇ ನಡೆಯಬೇಕಿತ್ತು. ಬೇಗ ಮುಗಿಸಿ, ಸ್ನಾನ ಮಾಡಿ, ಪ್ರಸಂಗವನ್ನು ಎರಡು ಸಲ ಓದಿ ನೋಡಿಕೊಂಡು ದೇವಾಲಯಕ್ಕೆ ಹೋಗುವುದೆಂದು ಅವರು ಕತ್ತಲಿದ್ದಾಗಲೇ ಬಂದು ಕುಳಿತರು. ಶೇವಂತಿ ಅದೇ ಸಭೆಯವರು, ಗಂಡನನ್ನು ಕಳೆದುಕೊಂಡ ಮೇಲೆ ಈ ಕೆಲಸ ಕಲಿತವರು. ಆಗಲೇ ಇಬ್ಬರೂ ಕೂಡಿ ಕೆಲಸ ಮಾಡಲಾರಂಭಿಸಿ ಹದಿನೈದು ವರ್ಷವಾಗಿತ್ತು. ದಡಿಯ ಎಳೆಗಳು ಬಂದಾಗ ಶೇವಂತಿ ಕೈ ನಿಲ್ಲಿಸಿದರು.

“ತಮ್ಮಾ, ಬೆಳಕ ಆಗಲಿ. ಕರಿ, ಹಸರು ಒಂದ ಕಾಣಾಕತ್ತಾವು.”

“ನನ್ನ ಕಣ್ಣಿಗೆ ಕಾಣ್ತಾವು. ನೀ ಕೊಡು.”

ಶೇವಂತಿ ಕೊಡಲಿಲ್ಲ. ಎಳೆಗಳನ್ನು ದೀಪದ ಕೆಳಗೆ ಹಿಡಿದು ನೋಡಲು ಆ ಕಡೆ ತಿರುಗಿದರು. ಅಷ್ಟರಲ್ಲಿ ಪ್ರೇಮಕುಮಾರ ತಾವೇ ಕೊಕ್ಕೆಯನ್ನು ಆಚೆ ಚಾಚಿ, ಗೊಂಚಲಿನಿಂದ ನಾಲ್ಕು ಎಳೆಗಳನ್ನು ಸೆಳೆದುಕೊಂಡರು. ಹಸಿರಿನ ಜಾಗದಲ್ಲಿ ನಾಲ್ಕು ಕರಿ ಎಳೆಗಳು ಕುಳಿತುಬಿಟ್ಟವು.

ಹಾಸಿನಲ್ಲಿ ಆದ ತಪ್ಪು ಒಂದು ಜಾಗದಲ್ಲಿ ನಿಲ್ಲುವುದಿಲ್ಲ. ಉರುಳೆ ಮುಗಿಯುವವರೆಗೆ ಪ್ರತಿ ಸೀರೆಯ ಉದ್ದಕ್ಕೂ ನಡೆಯುತ್ತದೆ. ಶೆಡ್ಡಿನ ಬೆಳಕಿನಲ್ಲಿ ಅದು ಯಾರ ಕಣ್ಣಿಗೂ ಬೀಳಲಿಲ್ಲ, ಮಗ್ಗ ನಡೆಸಿದ ಗಿರಿಮಲ್ಲಪ್ಪನ ಕಣ್ಣಿಗೂ ಬೀಳಲಿಲ್ಲ. ಒಂದು ತಿಂಗಳ ಮೇಲೆ ಪೇಟೆಯ ವ್ಯಾಪಾರಿ ಗಂಟು ಬಿಚ್ಚಿ ಸೀರೆಯನ್ನು ಬಿಸಿಲಿಗೆ ಹಿಡಿದಾಗ ಹಸಿರು ದಡಿಯ ನಡುವೆ ಕೂದಲಿನಂಥ ಕರಿ ಗೆರೆ ಕಂಡಿತು. ಮೂವತ್ತೆಂಟು ಸೀರೆಗಳು ತಿರುಗಿ ಬಂದವು.

ಧರಣೇಂದ್ರ ಶೆಡ್ಡಿನ ಬಾಗಿಲಲ್ಲಿ ನಿಂತು ಕೇಳಿದರು: “ಯಾರ ಕೈ ತಪ್ಪೈತಿ?”

ಇದು ಈ ಕೆಲಸದವರಿಗೆ ಮಾತ್ರ ತಿಳಿಯುವ ಸಂಕಟ. ತಂತಿಯ ತೆರೆಯ ಈಚೆ ಒಬ್ಬರು, ಆಚೆ ಒಬ್ಬರು. ಕೊಟ್ಟವರು ತಪ್ಪಿದರೋ ಸೆಳೆದವರು ತಪ್ಪಿದರೋ ಆ ಇಬ್ಬರನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಾಗುವುದಿಲ್ಲ.

“ಎಳಿ ಕೊಡಾಕಿ ಅಕ್ಕ ಅಲ್ಲೇನ್ರಿ? ಅಕಿ ಕೊಟ್ಟಿದ್ದ ನಾ ಸೆಳೀತೇನಿ,” ಎಂದರು ಪ್ರೇಮಕುಮಾರ.

ಶೇವಂತಿ ಅವರ ಮುಖ ನೋಡಿದರು. ಮೆಲ್ಲಗೆ ಎದ್ದು ಹೊರಗೆ ನಡೆದರು. ಅಂದು ಸಂಜೆ ಚಹಾದ ಅಂಗಡಿಯಲ್ಲಿ ಇದ್ದಿಲ ಒಲೆಯ ಮುಂದೆ ನಿಂತಿದ್ದಾಗ ಗಿರಿಮಲ್ಲಪ್ಪ ಕೇಳಿದ: “ಖರೆ ಹೇಳಪಾ. ಅಕಿ ಕೈ ತಪ್ಪೂದಿಲ್ಲ. ನೀ ಏನರ ಗಡಿಬಿಡಿ ಮಾಡಿದೇನ?” ಪ್ರೇಮಕುಮಾರ, “ನನಗೇನ ಗೊತ್ತಿಲ್ಲಪಾ,” ಎಂದರು. ರಾತ್ರಿ ಊಟಕ್ಕೆ ಬಡಿಸುತ್ತ ಹೆಂಡತಿಯೂ ಅದನ್ನೇ ಕೇಳಿದಳು. ಆಕೆಯ ಮೇಲೆ ಸಿಟ್ಟು ಮಾಡಿ, ತಾಟು ಸರಿಸಿ ಎದ್ದುಬಿಟ್ಟರು.

“ಮೂರ ಸಲ ಸುಳ್ಳ ಆತ್ರಿ,” ಎಂದು ಈಗ ಅವರು ಬೆರಳು ಮಡಚಿ ತೋರಿಸುತ್ತಾರೆ. “ಶಿಷ್ಯ ಮೂರ ಸಲ ಗುರುನ್ನ ಅರಿಯೆ ಅಂದದ್ದನ್ನ ವರ್ಷಾ ವರ್ಷಾ ಮಂದಿ ಮುಂದ ಓದಿದಂವ ನಾನ. ನನಗ ಆವಾಗ ಅದು ನೆನಪಿಗೇ ಬರಲಿಲ್ಲ.”

ಶೇವಂತಿಗೆ ಕಣ್ಣು ಮಂಜಾಗಿದೆ ಎಂಬ ಮಾತು ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ಹೋಯಿತು. ಯಾರೂ ಕೆಟ್ಟದ್ದು ಆಡಲಿಲ್ಲ, ಯಾರೂ ಕರೆಯಲೂ ಇಲ್ಲ. ಎರಡು ತಿಂಗಳು ನೋಡಿ ಆಕೆ ಜಮಖಂಡಿಗೆ ಹೋಗಿ, ಬಸ್ ನಿಲ್ದಾಣದ ಹತ್ತಿರದ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯಲು ನಿಂತರು. ಎಳೆಯ ನುಣುಪು ತಿಳಿಯುವ ಬೆರಳುಗಳು ಹಂಚಿನ ಮುಂದೆ ಸುಟ್ಟು ಗಟ್ಟಿಯಾದವು. ದೇವಾಲಯದಲ್ಲಿ ಹೆಂಗಸರ ಕಡೆಯ ಜಮಖಾನೆಯ ಮೇಲೆ, ಕಂಬದ ಪಕ್ಕದ ಅವರ ಜಾಗ ಬರಿದಾಗಿ ಉಳಿಯಿತು. ಹಿರಿಯರ ಕುರ್ಚಿಯಿಂದ ಆ ಕಂಬ ಸರಿಯಾಗಿ ಕಾಣುತ್ತದೆ.

ಪ್ರೇಮಕುಮಾರ ಬೇರೆಯವರನ್ನು ಜೊತೆಗಿಟ್ಟುಕೊಂಡು ಕೆಲಸ ಮಾಡಿದರು. ಯಾರ ಕೈಯೂ ಕೂಡಿಬರಲಿಲ್ಲ. ಪ್ರಭು ಭೋಜನದ ಭಾನುವಾರ ಬಂದರೆ ಒಂದು ಸಲ ಜ್ವರ, ಒಂದು ಸಲ ಮುಧೋಳದಲ್ಲಿ ಕೆಲಸ, ಒಂದು ಸಲ ಮದುವೆ; ಏನಾದರೊಂದು ನೆಪ. ಸುಳ್ಳನ್ನು ಒಳಗಿಟ್ಟುಕೊಂಡು ಹನ್ನೊಂದು ತಿಂಗಳು ಅವರು ಆ ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಮುಟ್ಟಲಿಲ್ಲ. ಸಭಾಪಾಲಕರಾದ ಪರಮಾನಂದ ಅಯ್ಯನವರು ಇದನ್ನು ಗಮನಿಸಿದ್ದರು, ಕೇಳಿರಲಿಲ್ಲ.

ಮತ್ತೆ ಶುಭ ಶುಕ್ರವಾರ ಬಂತು. ಪ್ರೇಮಕುಮಾರ ಎದ್ದು ಓದಲು ನಿಂತರು. ಬಂಧನದ ಭಾಗ ಆಯಿತು. ಮೀನುಗಾರ ಶಿಷ್ಯನೊಬ್ಬ ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತ ತನ್ನ ಗುರುವನ್ನು ಅರಿಯೆನೆಂದು ಹೇಳುವ ಜಾಗ ಬಂದಾಗ ಅವರ ಧ್ವನಿ ನಿಂತುಬಿಟ್ಟಿತು. ಪುಟ ತಪ್ಪಿತೇನೋ ಎಂದು ಮುಂದೆ ಕುಳಿತವರು ಎದ್ದು ನೋಡಿದರು. ಅವರು ಪುಸ್ತಕ ಮುಚ್ಚದೆ, ತಲೆ ಎತ್ತದೆ, “ಶೇವಂತಕ್ಕನ ಕೈ ತಪ್ಪಿದ್ದಿಲ್ಲ. ತಪ್ಪಿದ್ದ ನಂದು,” ಎಂದು ಹೇಳಿ ಗಂಡಸರ ಸಾಲಿನ ಕಟ್ಟಕಡೆಗೆ ಹೋಗಿ ಕುಳಿತರು. ಅಯ್ಯನವರೇ ಉಳಿದ ಪ್ರಸಂಗ ಓದಿ ಮುಗಿಸಿದರು.

ಆರಾಧನೆ ಮುಗಿದ ಮೇಲೆ ಪ್ರೇಮಕುಮಾರ ಹಿರಿತನ ಬಿಡುತ್ತೇನೆಂದರು. ಅಯ್ಯನವರು ಹೂಂ ಎಂದರು. ಆಮೇಲೆ ಅವರ ತೋಳು ಹಿಡಿದು ಹೊರಗಿನ ಬೇವಿನ ಗಿಡದ ಕೆಳಗೆ ಕರೆದೊಯ್ದರು.

“ಇಲ್ಲೆ ಹೇಳಿದ್ದ ಛಲೋ ಆತು. ದೇವರು ಕೇಳ್ಯಾನ. ಆದ್ರ ಪ್ರೇಮಕುಮಾರ, ಸುಳ್ಳ ಹೇಳಿದ್ದ ಇಲ್ಲೆ ಅಲ್ಲಲಾ? ಶೆಡ್ಡಿನ್ಯಾಗ ಹೇಳಿದಿ. ಖರೆನೂ ಅಲ್ಲೇ ಹೋಗಿ ಹೇಳು. ಆಮ್ಯಾಲ ಜಮಖಂಡಿಗೆ ಹೋಗು.”

“ಅಕಿ ನನ್ನ ಮಾರಿ ನೋಡ್ತಾಳೇನ್ರಿ ಅಯ್ಯಾರ?”

“ನೋಡದಿದ್ರ ಅದೂ ಅಕಿ ಹಕ್ಕು. ನೀ ಹೋಗೂದ ಹೋಗು.”

ಹೇಳಬೇಕಾದ ಮಾತನ್ನು ಹೇಳುವ ಮೊದಲೇ ಕೇಳುವವರು ಹೊರಟುಹೋದ ಮನೆಗಳು ಲೋಕದಲ್ಲಿ ಬಹಳ ಇವೆ. ಅಂಥ ಮನೆಯಲ್ಲಿ ಆ ಮಾತು ಗೋಡೆಗಳ ನಡುವೆಯೇ ಸುತ್ತುತ್ತಿರುತ್ತದೆ. ಪ್ರೇಮಕುಮಾರರಿಗೆ ದೇವರು ಆ ಕಷ್ಟ ಕೊಡಲಿಲ್ಲ. ಜಮಖಂಡಿ ಬರೀ ಅರ್ಧ ತಾಸಿನ ದಾರಿ.

ಶನಿವಾರ ಬೆಳಿಗ್ಗೆ ಅವರು ಶೆಡ್ಡಿಗೆ ಹೋಗಿ, ಮಗ್ಗ ನಿಲ್ಲಿಸಿರೆಂದು ಬೇಡಿಕೊಂಡು, ಎಲ್ಲರ ಮುಂದೆ ಧರಣೇಂದ್ರ ಅವರಿಗೆ ನಡೆದದ್ದನ್ನು ಹೇಳಿದರು. ಗಿರಿಮಲ್ಲಪ್ಪನೇ ಮೊದಲು ಬಾಯಿ ಬಿಟ್ಟ. “ವರ್ಷ ಹಿಡೀತೇನಲೇ ನಿನ್ನ ಖರೆ ಹೊರಗ ಬರಾಕ? ಕೈಮಗ್ಗದ ಮ್ಯಾಲ ನೇದಿದ್ದೇನ?”

ಧರಣೇಂದ್ರ ನಗಲಿಲ್ಲ. ಅವರು ಜೈನರು, ಹಿರಿಯರ ಕಾಲದಿಂದ ತೇರದಾಳದಲ್ಲಿದ್ದ ಮನೆತನ. ಗೋಡೆಗೆ ಒರಗಿ ನಿಂತು ನಿಧಾನವಾಗಿ ಹೇಳಿದರು: “ಭಾದ್ರಪದದಾಗ ಪರ್ವ ಮುಗದ ಮ್ಯಾಲ ನಾವು ಮನಿ ಮನಿಗೆ ಹೋಗಿ ಕೈ ಮುಗೀತೇವಿ, ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋರಿ ಅಂತ. ಹೋದ ವರ್ಷ ನೂರ ಮನಿಗೆ ಹೋಗೇನಿ. ಶೇವಂತಕ್ಕನ ಬೀಗ ಹಾಕಿದ ಮನಿ ಮುಂದ ಹಾದ ಹೋದ್ನಿ, ಜಮಖಂಡಿಗೆ ಹೋಗಲಿಲ್ಲ. ಒಂದ ಮಾತ ಕೇಳದ ಬಿಡಿಸಿದಂವ ನಾನು. ನಡೀ, ಗಾಡಿ ಹತ್ತು.”

ಹೀಗೆ ಶೆಡ್ಡಿನ ಮಾಲಕ ಮುಂದೆ, ತಪ್ಪಿತಸ್ಥ ಹಿಂದೆ ಕುಳಿತು ಮೋಟರ್‌ಸೈಕಲ್ಲಿನಲ್ಲಿ ಜಮಖಂಡಿಗೆ ಹೋದರು. ಖಾನಾವಳಿಯ ಹಿಂದಿನ ಖೋಲಿಯಲ್ಲಿ ಶೇವಂತಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದರು. ಇಬ್ಬರನ್ನೂ ಕಂಡರು, ಏಳಲಿಲ್ಲ. ಕೈಯೂ ನಿಲ್ಲಲಿಲ್ಲ.

“ಸಾವಕಾರ್ರ, ಚಪ್ಪಲಿ ಹೊರಗ ಬಿಟ್ಟ ಬರ್ರಿ.”

ಧರಣೇಂದ್ರ ಹೋಗಿ ಚಪ್ಪಲಿ ಬಿಟ್ಟು ಬಂದು ಕೈಮುಗಿದು, “ನನ್ನಿಂದ ತಪ್ಪಾತಕ್ಕಾ,” ಎಂದರು. ಶೇವಂತಿ ತಲೆಯಾಡಿಸಿದರು. ಆಮೇಲೆ ಪ್ರೇಮಕುಮಾರರ ಕಡೆ ನೋಡಿದರು.

“ಉಂಡಿಯೇನ?”

“ಇಲ್ಲಕ್ಕ.”

“ಕುಂಡ್ರು.”

ಒಲೆಯ ಪಕ್ಕದಲ್ಲೇ ತಾಟು ಇಟ್ಟು ಬಿಸಿ ರೊಟ್ಟಿಯೊಂದನ್ನು ಹಾಕಿದರು. ಹಾಕುತ್ತಲೇ ಕೇಳಿದರು, “ಎಳಿ ತಪ್ಪಿಸಿದ್ದ ಯಾರು?”

“ನಾ.”

ಹಿಟ್ಟು ತಟ್ಟಿದರು, ಬೇಯಿಸಿದರು, ಎರಡನೆಯ ರೊಟ್ಟಿ ತಾಟಿಗೆ ಬಿತ್ತು. “ಸಪ್ಪಳ ಭಾಳ ಐತಿ, ಕೇಳಸಲಿಲ್ಲ. ಯಾರ ತಪ್ಪಿಸಿದ್ರು?”

“ನಾನ ಅಕ್ಕಾ. ನಾನ ತಪ್ಪಿಸೇನಿ.”

ಮೂರನೆಯ ರೊಟ್ಟಿ ಬಂತು. “ಯಾರು?”

ಪ್ರೇಮಕುಮಾರ ರೊಟ್ಟಿಯಿಂದ ಕೈ ತೆಗೆದರು. “ನಿನಗ ಗೊತ್ತೈತೆಲ್ಲಕ್ಕಾ. ಆ ಹೊತ್ತಿನಿಂದ ಗೊತ್ತೈತಿ.”

“ಗೊತ್ತೈತಿ. ನಿನ್ನ ಬಾಯಿಂದ ಕೇಳಬೇಕಾಗಿತ್ತು,” ಎಂದರು ಶೇವಂತಿ. “ಸಾಕು. ಇನ್ನ ಎಂದೂ ಕೇಳೂದಿಲ್ಲ. ಪಲ್ಲೆ ಹಚ್ಚಿಕೊಂಡ ಉಣ್ಣು, ಒಣಾ ರೊಟ್ಟಿ ಯಾಕ ತಿನ್ನಾಕತ್ತಿ? ಸಾವಕಾರ್ರ, ನೀವೂ ಕುಂಡರ್ರಿ. ಹೆಸರಕಾಳಿನ ಪಲ್ಲೆಕ್ಕ ಉಳ್ಳಾಗಡ್ಡಿ ಹಾಕಿಲ್ಲ, ನಿಮಗ ನಡೀತೈತಿ.”

ಅಂದಿನಿಂದ ಇಂದಿನವರೆಗೆ, ಒಂದೇ ಒಂದು ಸಲ ಬಿಟ್ಟರೆ, ಶೇವಂತಿ ಆ ಮಾತನ್ನು ಎತ್ತಿಲ್ಲ. ಈ ಲೇಖನಕ್ಕಾಗಿ ಕೇಳಿದಾಗಲೂ, “ಆಗ ಆಗಿ ಹೋತು, ಅಂವನ್ನ ಕೇಳ್ರಿ,” ಎಂದಷ್ಟೇ ಹೇಳಿದರು. ನಿಮಗೆ ಸಿಟ್ಟು ಬರಲಿಲ್ಲವೇ ಎಂದದ್ದಕ್ಕೆ ಮಾತ್ರ ಸ್ವಲ್ಪ ಯೋಚಿಸಿದರು. “ಬಾರದ ಏನ್ರಿ? ದಿನಾ ರೊಟ್ಟಿ ಬಡೀವಾಗ ಅಂವನ್ನ ಬಡದಂಗ ಬಡೀತಿದ್ನಿ. ರೊಟ್ಟಿ ಭಾಳ ತೆಳ್ಳಗ ಆಗತಿದ್ದು, ಗಿರಾಕಿ ಹೆಚ್ಚಾದ್ರು. ಆದ್ರ ನಾನೂ ಪ್ರತಿ ದಿನ ದೇವರ ಹತ್ತರ ಕ್ಷಮಾ ಬೇಡಾಕಿ. ನಂಗ ಬೇಕು, ಅಂವಗ ಬ್ಯಾಡ ಅಂದ್ರ ಹೆಂಗ ಆಗತೈತಿ?”

ಎಂಟು ದಿನ ಬಿಟ್ಟು ಅವರು ಬನಹಟ್ಟಿಗೆ ಬಂದರು. ಬರುವ ಮೊದಲು ಎರಡು ಮಾತು ಹೇಳಿ ಕಳಿಸಿದರು. ಬೆಳಕು ಆಯಿತೆಂದು ತಾವು ಹೇಳುವವರೆಗೆ ಪ್ರೇಮಕುಮಾರ ಕೊಕ್ಕೆ ಎತ್ತಬಾರದು. ದಡಿಯ ಪ್ರತಿ ಎಳೆಯ ಬಣ್ಣವನ್ನು ಕೊಡುವವರೂ ಹೇಳಬೇಕು, ಸೆಳೆಯುವವರೂ ಹೇಳಬೇಕು.

ಮೊದಲ ದಿನದ ಕೆಲಸ ನೋಡಲು ಶೆಡ್ಡಿನವರೆಲ್ಲ ಕಣ್ಣಿಟ್ಟಿದ್ದರು. ಶೇವಂತಿಯ ಬೆರಳುಗಳಿಗೆ ಎಳೆ ಹತ್ತುತ್ತಿರಲಿಲ್ಲ. ಒಂದನ್ನು ಹಿಡಿದರೆ ಎರಡು ಬರುತ್ತಿದ್ದವು, ಹಿಡಿದದ್ದು ಜಾರಿ ಬೀಳುತ್ತಿತ್ತು. ನಾಲ್ಕು ತಾಸಿನಲ್ಲಿ ತುಂಬುವ ಹಾಸು ಏಳೂವರೆ ತಾಸು ಹಿಡಿಯಿತು. ಪ್ರೇಮಕುಮಾರ ಒಮ್ಮೆಯೂ ಬೇಗ ಎನ್ನಲಿಲ್ಲ. ಎಳೆ ಬರುವವರೆಗೆ ಕೊಕ್ಕೆಯನ್ನು ತಂತಿಯ ಕಣ್ಣಿನಲ್ಲಿ ಹಾಗೆಯೇ ಹಿಡಿದು ಕಾದರು. ಆ ದಿನ ತಾವು ಮಾಡಿದಷ್ಟು ಒಳ್ಳೆಯ ಕೆಲಸವನ್ನು ಮುಂಚೆ ಎಂದೂ ಮಾಡಿರಲಿಲ್ಲ ಎಂದು ಅವರು ಹೇಳುತ್ತಾರೆ. ಮೂರು ತಿಂಗಳಲ್ಲಿ ಬೆರಳು ಮೆತ್ತಗಾದವು, ವೇಗ ಮರಳಿತು. ಹದಿನಾಲ್ಕು ಶೆಡ್ಡುಗಳಲ್ಲಿ ಈಗ ಇವರ ಜೋಡಿಗೆ ಸರಿಯಾದ ಜೋಡಿ ಇಲ್ಲ. ಈ ಐದು ವರ್ಷದಲ್ಲಿ ಇವರು ತುಂಬಿದ ಹಾಸಿನ ಒಂದು ಸೀರೆಯೂ ಪೇಟೆಯಿಂದ ತಿರುಗಿ ಬಂದಿಲ್ಲ. ಇದನ್ನು ಧರಣೇಂದ್ರ ಅವರೇ ಹೆಮ್ಮೆಯಿಂದ ಹೇಳುತ್ತಾರೆ. ಗೆರೆ ಬಿದ್ದ ಮೂವತ್ತೆಂಟು ಸೀರೆಗಳಲ್ಲಿ ಒಂದನ್ನು ಶೇವಂತಿ ಕೇಳಿ ಇಟ್ಟುಕೊಂಡಿದ್ದಾರೆ. ಮನೆಯಲ್ಲಿ ನೀರು ತರುವಾಗ, ನೆಲ ಸಾರಿಸುವಾಗ ಅದನ್ನೇ ಉಡುತ್ತಾರೆ. “ಗಟ್ಟಿ ಐತ್ರಿ ನೂಲು. ಗೆರಿ ಬಿದ್ರ ಸೀರಿ ಹರೀತೈತೇನ?”

ದೇವಾಲಯದ ಮಾತು ಉಳಿಯಿತು. ಮರು ವರ್ಷ ಶುಭ ಶುಕ್ರವಾರಕ್ಕೆ ಯಾರು ಓದಬೇಕೆಂದು ಸಭೆ ಕೂಡಿತ್ತು. ಪ್ರೇಮಕುಮಾರ ಕಡೆಯ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದರು. ಎರಡು ಮೂರು ಹೆಸರು ಬಂದವು. ಆಗ ಹೆಂಗಸರ ಕಡೆಯಿಂದ, ಕಂಬದ ಪಕ್ಕದಿಂದ ಶೇವಂತಿ ಎದ್ದರು. ಅವರು ಸಭೆಯಲ್ಲಿ ಮಾತಾಡಿದ್ದು ಅದೇ ಮೊದಲು.

“ಅಂವನ ಓದಲಿ. ಮೊದಲ ಧ್ವನಿ ಛಲೋ ಇತ್ತು ಅಂತ ಓದತಿದ್ದ. ಈಗ ತಿಳದ ಓದತಾನು.”

ಪರಮಾನಂದ ಅಯ್ಯನವರು, “ಮತ್ತ ಯಾರಿಗರ ಏನರ ಹೇಳೂದೈತೇನ?” ಎಂದು ಕೇಳಿದರು. ಯಾರಿಗೂ ಇರಲಿಲ್ಲ. ಆ ಶುಕ್ರವಾರ ಪ್ರೇಮಕುಮಾರ ಓದಿದಾಗ ಧ್ವನಿ ಮೊದಲಿನಂತೆ ತುಂಬಿ ಬರಲಿಲ್ಲವಂತೆ, ನಡುವೆ ಎರಡು ಕಡೆ ಒಡೆಯಿತಂತೆ. ಅಂಥ ಓದನ್ನು ತಾವು ಕೇಳಿರಲಿಲ್ಲ ಎಂದು ಸಭೆಯ ಮುದುಕರು ಇಂದಿಗೂ ಹೇಳುತ್ತಾರೆ. ಹಿರಿತನವನ್ನು ಮಾತ್ರ ಅವರು ತಿರುಗಿ ತೆಗೆದುಕೊಳ್ಳಲಿಲ್ಲ. ಜಮಖಾನೆ ಝಾಡಿಸಿ ಹಾಸುವ ಕೆಲಸ ಕೇಳಿ ಪಡೆದಿದ್ದಾರೆ.

ಅವರಿಗೆ ಒಂದು ಆಸೆಯಿದೆ. ಈಸ್ಟರ್ ಕಳೆದ ಮೇಲಿನ ಒಂದು ಭಾನುವಾರ, ಸತ್ತು ಎದ್ದುಬಂದ ಕ್ರಿಸ್ತನು ಕೆರೆಯ ದಂಡೆಯ ಮೇಲೆ ಬೆಂಕಿ ಹೊತ್ತಿಸಿ ಆ ಶಿಷ್ಯನನ್ನು ಊಟಕ್ಕೆ ಕರೆದು ಮೂರು ಸಲ ಪ್ರಶ್ನೆ ಕೇಳಿದ ಪ್ರಸಂಗವನ್ನೂ ತಾವೇ ಓದಬೇಕು. “ಅಂಗಳದಾಗಿನ ಬೆಂಕಿ ಎಲ್ಲಾರಿಗೂ ನೆನಪ ಇರತೈತ್ರಿ. ದಂಡಿ ಮ್ಯಾಲಿನ ಬೆಂಕಿ ಯಾರೂ ನೆನಸೂದಿಲ್ಲ. ಅವತ್ತ ಮಂದಿನೂ ಕಡಿಮಿ ಬರತಾರ.” ಅಯ್ಯನವರು ಈ ವರ್ಷ ಒಪ್ಪಿದ್ದಾರೆ.

ಹದಿನೈದು ದಿನದ ಹಿಂದೆ ಶೆಡ್ಡಿನಲ್ಲಿ ಇನ್ನೊಂದು ಘಟನೆ ನಡೆಯಿತು. ಅದನ್ನು ಹೇಳದೆ ಈ ಬರಹ ಮುಗಿಯುವಂತಿಲ್ಲ. ಈಗ ಶೆಡ್ಡಿನ ವ್ಯವಹಾರ ನೋಡುವವರು ಧರಣೇಂದ್ರ ಅವರ ಮಗ ಜಿನೇಶ. ಹೊಸ ಹಾಸು ತುಂಬಿ, ಮಗ್ಗ ಸುರುವಾಗಿ ಒಂದು ಗೇಣು ಬಟ್ಟೆ ಬಂದಿತ್ತು. ಜಿನೇಶ ಅದನ್ನು ಕಿಟಕಿಯ ಬೆಳಕಿಗೆ ಬಾಗಿ ನೋಡಿ ಕೈ ಎತ್ತಿದರು. ದಡಿಯಲ್ಲಲ್ಲ, ಒಡಲಿನಲ್ಲಿ, ಬಣ್ಣ ಕೂಗದೆ ತುಂಬುವ ಜಾಗದಲ್ಲಿ ಎರಡು ಎಳೆ ಅದಲುಬದಲಾಗಿದ್ದವು.

“ಯಾರ ಕೈ ತಪ್ಪೈತ್ರಿ?” ಎಂದು ಅವರು ಕೇಳಿದರು. ತಂದೆ ಕೇಳಿದ ಅದೇ ಶೆಡ್ಡು, ಅದೇ ಮಾತು. ಹುಡುಗನಿಗೆ ಅದು ಗೊತ್ತಿರಲಿಲ್ಲ. ಗಿರಿಮಲ್ಲಪ್ಪ ತನ್ನ ಮಗ್ಗ ನಿಲ್ಲಿಸಿದ.

“ನಂದ್ರಿ,” ಎಂದರು ಪ್ರೇಮಕುಮಾರ, ಕೇಳಿದವರ ಮಾತು ಮುಗಿಯುವುದರೊಳಗೆ.

ತಂತಿಗಳ ಆಚೆಯಿಂದ ಶೇವಂತಿ ಗದರಿದರು. “ಏ ಪ್ರೇಮ್ಯಾ! ಮತ್ತ ಸುಳ್ಳ ಸುರು ಮಾಡಿದೇನ? ಆವಾಗ ನಿಂದ ನನ್ನ ಮ್ಯಾಲ ಹಾಕಿದಿ, ಈಗ ನಂದ ನೀ ಹೊತಗೊಂಡ ಹೊಂಟಿ. ಎರಡೂ ಸುಳ್ಳ. ನಂದ ಕೈ ತಪ್ಪೈತ್ರಿ ಜಿನೇಶಪ್ಪ. ಸೀನು ಬಂತು, ಎಳಿ ಜಾರಿತು, ಹಿಂದ ಮುಂದ ಕೊಟ್ಟೇನಿ.”

ಐದು ವರ್ಷ ಎತ್ತದ ಮಾತನ್ನು ಆಕೆ ಎತ್ತಿದ್ದು ಅದೊಂದೇ ಸಲ, ಅದೂ ನಗುತ್ತ. ಜಿನೇಶ ಇಬ್ಬರನ್ನೂ ನೋಡಿದರು. ಗಿರಿಮಲ್ಲಪ್ಪ, “ಸಾವಕಾರ್ರ, ನೀವ ಆ ಕಡಿ ಹೋಗ್ರಿ. ಇಲ್ಲೆ ಇಬ್ರೂ ತಪ್ಪಿಗೆ ಜಗಳಾ ಮಾಡಾಕತ್ತಾರ, ಮೂರನೇದವರಿಗೆ ಪಾಲ ಸಿಗೂದಿಲ್ಲ,” ಎಂದ. ಶೆಡ್ಡೆಲ್ಲ ನಕ್ಕಿತು.

ಒಂದು ಗೇಣು ಬಟ್ಟೆ ಕತ್ತರಿಸಿದರು. ತಪ್ಪಿದ ಜಾಗದವರೆಗೆ ನಾನೂರು ಎಳೆಗಳನ್ನು ಬಿಚ್ಚಿದರು. ಶೇವಂತಿ ಒಳಗೆ ಸರಿದು ಕುಳಿತು ಮೊದಲ ಎಳೆ ಎತ್ತಿ, ಬೆಳಕಿಗೆ ಹಿಡಿದು, ಈಚೆಗೆ ಚಾಚಿದರು. ಮಧ್ಯಾಹ್ನದೊಳಗೆ ಮಗ್ಗ ಮತ್ತೆ ನಡೆಯಿತು.

ಆ ದಿನದ ಮಾತು ತೆಗೆದಾಗ ಪ್ರೇಮಕುಮಾರ ಕೊಕ್ಕೆಯನ್ನು ಅಂಗಿಯ ತುದಿಯಿಂದ ಒರೆಸುತ್ತಾರೆ. ನಂತರ ತಂತಿಗಳ ತೆರೆಯ ಕಡೆ ಗದ್ದ ತೋರಿಸಿ ಹೇಳುತ್ತಾರೆ:

“ತಪ್ಪ ಯಾರಿಗೆ ಆಗೂದಿಲ್ಲರಿ? ಆಗತೈತಿ. ಬಿಚ್ಚಿ ಮತ್ತ ತುಂಬಾಕ ಎದರಿಗೆ ಒಬ್ರು ಕುಂಡ್ರಬೇಕು, ಅಷ್ಟ. ನನಗ ಕುಂತಾರ ನೋಡ್ರಿ.”